ಅಪ್‌ಡೇಟ್ ಬಂತು, ಧ್ವನಿ ಹೋಯಿತು: ಮೂಕವಾಗುವ ಗಣಕಯಂತ್ರಕ್ಕೆ ಹೊಣೆ ಯಾರು?

ರಾತ್ರಿ ಮುಚ್ಚಿಟ್ಟ ಗಣಕಯಂತ್ರವನ್ನು ಬೆಳಿಗ್ಗೆ ತೆರೆದಾಗ ಅಪ್‌ಡೇಟ್ ಪೂರ್ಣಗೊಂಡಿದೆ ಎಂಬ ಸಂದೇಶ ಪರದೆಯ ಮೇಲಿರುತ್ತದೆ. ಆದರೆ ಕೆಳಗಿನ ಮೂಲೆಯ ಪುಟ್ಟ ಸ್ಪೀಕರ್ ಚಿತ್ರದ ಮೇಲೆ ಕೆಂಪು ಗುರುತು. ಹಾಡು ಕೇಳಿಸದು, ಮೈಕ್ರೊಫೋನ್ ಮುಂದೆ ಎಷ್ಟು ಗಟ್ಟಿಯಾಗಿ ಮಾತನಾಡಿದರೂ ಅತ್ತ ಕಡೆಯವರಿಗೆ ತಲುಪದು. ನಿನ್ನೆಯವರೆಗೆ ಸರಿಯಾಗಿದ್ದ ಯಂತ್ರ ಯಾರೂ ಮುಟ್ಟದೆಯೇ ಮೂಕವಾಗಿರುತ್ತದೆ. ರಿಪೇರಿ ಅಂಗಡಿಯಲ್ಲಿ ವಿಚಾರಿಸಿದರೆ 'ಅಪ್‌ಡೇಟ್ ಆದ ಮೇಲೆ ಹೀಗಾಗುತ್ತದೆ ಸಾರ್' ಎಂಬ ಉತ್ತರ, ಮಳೆ ಬಂದ ಮೇಲೆ ರಸ್ತೆ ಕೆಡುತ್ತದೆ ಎಂಬಷ್ಟೇ ಸಹಜವಾಗಿ ದೊರೆಯುತ್ತದೆ.

ಒಂದು ಕಾಲದಲ್ಲಿ ಇದು ಹಾಡು, ಸಿನಿಮಾ, ಆಟಗಳಿಗೆ ಮಾತ್ರ ಸಂಬಂಧಿಸಿದ ಸಣ್ಣ ಕಿರಿಕಿರಿಯಾಗಿತ್ತು. ಈಗ ಪರಿಸ್ಥಿತಿ ಬದಲಾಗಿದೆ. 2020ರ ಕೋವಿಡ್ ದಿನಗಳಿಂದೀಚೆಗೆ ತರಗತಿ, ಉದ್ಯೋಗ ಸಂದರ್ಶನ, ವೈದ್ಯರ ಸಲಹೆ, ಕಚೇರಿ ಸಭೆ, ನ್ಯಾಯಾಲಯದ ಕಲಾಪಗಳೆಲ್ಲ ಗಣಕಯಂತ್ರದ ಮೈಕ್ರೊಫೋನ್ ಮೂಲಕ ಹಾದು ಹೋಗುತ್ತಿವೆ. ಇದರ ಜೊತೆಗೆ ವಿಂಡೋಸ್ 10 ಆಪರೇಟಿಂಗ್ ಸಿಸ್ಟಂಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ಕ್ಕೆ ಕೊನೆಗೊಳಿಸಿತು. ಗೃಹಬಳಕೆದಾರರಿಗೆ ವಿಸ್ತರಿತ ಭದ್ರತಾ ಅಪ್‌ಡೇಟ್‌ಗಳ ಅವಧಿಯನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಆಗ ಗೊತ್ತುಪಡಿಸಲಾಯಿತು. ಹೀಗಾಗಿ ಹಳೆಯ ಯಂತ್ರಗಳನ್ನು ಹೊಸ ಆವೃತ್ತಿಗೆ ಏರಿಸುವ ಒತ್ತಡ ಮನೆ, ಶಾಲೆ, ಕಚೇರಿಗಳೆಲ್ಲೆಡೆ ಹೆಚ್ಚಿದೆ. ಇಂತಹ ದೊಡ್ಡ ಬದಲಾವಣೆಯ ವೇಳೆ ಮೊದಲು ಕೈಕೊಡುವ ಅಂಗಗಳಲ್ಲಿ ಧ್ವನಿ ವ್ಯವಸ್ಥೆಯೂ ಒಂದು ಎಂಬುದು ಎರಡು ದಶಕಗಳ ಅನುಭವ.

ಪ್ರಶ್ನೆ ಇಷ್ಟೇ: ಬಳಕೆದಾರ ಕೇಳದೆ ಬಂದ ಬದಲಾವಣೆಯಿಂದ ಆತನ ಕೆಲಸ ನಿಂತಾಗ, ಅದನ್ನು ಸರಿಪಡಿಸುವ ಹೊಣೆ ಯಾರದು?

ಧ್ವನಿ ಸಾಗುವ ದಾರಿ

ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಧ್ವನಿ ಸಾಗುವ ದಾರಿಯನ್ನು ತಿಳಿಯಬೇಕು. ಮಾತನಾಡಿದ ಸದ್ದು ಮೈಕ್ರೊಫೋನ್‌ನಲ್ಲಿ ವಿದ್ಯುತ್ ಅಲೆಯಾಗುತ್ತದೆ. ಆ ಅಲೆಯನ್ನು ಅಂಕಿಗಳಾಗಿ ಪರಿವರ್ತಿಸುವ ಪುಟ್ಟ ಚಿಪ್ ಯಂತ್ರದೊಳಗಿರುತ್ತದೆ. ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಪೂರೈಸುವುದು ತೈವಾನಿನ ರಿಯಲ್‌ಟೆಕ್‌ನಂತಹ ಕಂಪನಿಗಳು. ಚಿಪ್ ಹಾಗೂ ಆಪರೇಟಿಂಗ್ ಸಿಸ್ಟಂ ನಡುವೆ ದುಭಾಷಿಯ ಕೆಲಸ ಮಾಡುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಇದರ ಮೇಲೆ ಆಪರೇಟಿಂಗ್ ಸಿಸ್ಟಂನದೇ ಧ್ವನಿ ಸೇವೆ ಕುಳಿತಿರುತ್ತದೆ. ಅದಕ್ಕೂ ಮೇಲೆ ಬ್ರೌಸರ್, ಝೂಮ್, ಟೀಮ್ಸ್ ಮುಂತಾದ ಬಳಕೆಯ ತಂತ್ರಾಂಶಗಳು. ಇವುಗಳ ನಡುವೆ ಸದ್ದನ್ನು 'ಸುಧಾರಿಸುವ' ಮತ್ತೊಂದು ತಂತ್ರಾಂಶವನ್ನು ಲ್ಯಾಪ್‌ಟಾಪ್ ತಯಾರಕರು ತುರುಕಿರುವುದೂ ಉಂಟು.

ಚಿಪ್ ಮಾಡಿದವರು ಒಬ್ಬರು, ಅದನ್ನು ಯಂತ್ರದಲ್ಲಿ ಕೂರಿಸಿದವರು ಇನ್ನೊಬ್ಬರು, ಆಪರೇಟಿಂಗ್ ಸಿಸ್ಟಂ ಬರೆದವರು ಮತ್ತೊಬ್ಬರು, ಸಭೆಯ ತಂತ್ರಾಂಶ ನೀಡಿದವರು ಮಗದೊಬ್ಬರು. ಈ ನಾಲ್ವರಲ್ಲಿ ಯಾರೊಬ್ಬರು ತಮ್ಮ ಭಾಗವನ್ನು ಬದಲಿಸಿದರೂ ಉಳಿದವರ ಭಾಗ ಅದಕ್ಕೆ ಹೊಂದಿಕೊಳ್ಳಬೇಕು. ಹೊಂದದಿದ್ದಾಗ ಪರಸ್ಪರರತ್ತ ಬೆರಳು ತೋರಿಸುವುದು ವಾಡಿಕೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಬೇಕಿಲ್ಲ. ಹಣ ಕೊಟ್ಟು ಯಂತ್ರ ಕೊಂಡ ಬಳಕೆದಾರನೇ ಇಲ್ಲಿ ಕೂಸು.

ಇಪ್ಪತ್ತು ವರ್ಷಗಳ ಹಳೆಯ ಕಥೆ

2007ರ ಜನವರಿ 30ರಂದು ವಿಂಡೋಸ್ ವಿಸ್ಟಾ ಸಾರ್ವಜನಿಕರಿಗೆ ಬಿಡುಗಡೆಯಾದಾಗ ಮೈಕ್ರೋಸಾಫ್ಟ್ ಧ್ವನಿ ವ್ಯವಸ್ಥೆಯನ್ನು ಬುಡದಿಂದ ಬದಲಿಸಿತ್ತು. ಅದುವರೆಗೆ ಧ್ವನಿಯ ಬಹುಪಾಲು ಕೆಲಸ ಆಪರೇಟಿಂಗ್ ಸಿಸ್ಟಂನ ಗರ್ಭಗುಡಿಯಾದ ಕರ್ನಲ್‌ನೊಳಗೇ ನಡೆಯುತ್ತಿತ್ತು. ಅಲ್ಲಿ ಒಂದು ಕೆಟ್ಟ ಡ್ರೈವರ್ ಎಡವಿದರೆ ಇಡೀ ಯಂತ್ರವೇ ನೀಲಿ ಪರದೆ ತೋರಿಸಿ ನಿಂತು ಬಿಡುತ್ತಿತ್ತು. ಆ ಅಪಾಯ ತಗ್ಗಿಸಲು ಧ್ವನಿಯ ಹೆಚ್ಚಿನ ಕೆಲಸವನ್ನು ಕರ್ನಲ್‌ನಿಂದ ಹೊರಗೆ ತರಲಾಯಿತು. ಪ್ರತಿ ತಂತ್ರಾಂಶಕ್ಕೂ ಪ್ರತ್ಯೇಕವಾಗಿ ಸದ್ದು ಏರಿಸಿ ಇಳಿಸುವ ಅನುಕೂಲವೂ ಆಗಲೇ ಬಂದದ್ದು. ಉದ್ದೇಶ ಒಳ್ಳೆಯದೇ. ಆದರೆ ದುಬಾರಿ ಬೆಲೆ ತೆತ್ತು ಸೌಂಡ್ ಬ್ಲಾಸ್ಟರ್ ಕಾರ್ಡ್ ಕೊಂಡಿದ್ದವರು ಅದರ ಮುಖ್ಯ ಸೌಲಭ್ಯಗಳನ್ನೇ ಕಳೆದುಕೊಂಡರು. ಹಳೆಯ ದಾರಿಯನ್ನು ಮೈಕ್ರೋಸಾಫ್ಟ್ ಮುಚ್ಚಿತ್ತು; ಹೊಸ ದಾರಿಗೆ ತಕ್ಕ ಡ್ರೈವರ್‌ಗಳನ್ನು ಕಾರ್ಡ್ ತಯಾರಿಸಿದ ಕ್ರಿಯೇಟಿವ್ ಕಂಪನಿ ಪೂರ್ಣವಾಗಿ ಒದಗಿಸಿರಲಿಲ್ಲ. ಹವ್ಯಾಸಿ ತಂತ್ರಜ್ಞರೊಬ್ಬರು ಆ ಡ್ರೈವರ್‌ಗಳನ್ನು ತಾವೇ ತಿದ್ದಿ ಹಂಚತೊಡಗಿದಾಗ 2008ರ ಮಾರ್ಚ್‌ನಲ್ಲಿ ಕಂಪನಿ ಅದಕ್ಕೆ ಬಹಿರಂಗವಾಗಿ ಆಕ್ಷೇಪ ಎತ್ತಿತು. ಬಳಕೆದಾರರು ಸಿಡಿದೆದ್ದರು.

ಹನ್ನೊಂದು ವರ್ಷಗಳ ಬಳಿಕ, 2018ರ ಅಕ್ಟೋಬರ್‌ನಲ್ಲಿ, ಇನ್ನೊಂದು ಬಗೆಯ ಪ್ರಮಾದ ನಡೆಯಿತು. ಇಂಟೆಲ್ ಕಂಪನಿಯ 9.21.00.3755 ಸಂಖ್ಯೆಯ ಧ್ವನಿ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ತಲುಪಬಾರದ ಯಂತ್ರಗಳಿಗೂ ತಲುಪಿಬಿಟ್ಟಿತು. ಅವುಗಳಲ್ಲಿ ಸದ್ದು ಅಡಗಿತು. ಡ್ರೈವರನ್ನು ತಪ್ಪಾಗಿ ಕಳುಹಿಸಲಾಗಿತ್ತೆಂದು ಒಪ್ಪಿಕೊಂಡ ಮೈಕ್ರೋಸಾಫ್ಟ್, ಅದನ್ನು ತೆಗೆದುಹಾಕುವುದಕ್ಕೆಂದೇ ಕೆಬಿ 4468550 ಎಂಬ ಮತ್ತೊಂದು ಅಪ್‌ಡೇಟ್ ಹೊರತಂದಿತು. ಇಲ್ಲಿ ಬಳಕೆದಾರ ಮಾಡಿದ ತಪ್ಪು ಯಾವುದೂ ಇರಲಿಲ್ಲ. ಆತ ಮಾಡಿದ್ದು ತನ್ನ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಿದ್ದು, ಅಷ್ಟೇ.

ಇತ್ತೀಚಿನ ಎರಡು ಪ್ರಕರಣಗಳು ಇನ್ನಷ್ಟು ಕಣ್ಣು ತೆರೆಸುತ್ತವೆ. 2024ರ ಅಕ್ಟೋಬರ್ 1ರಂದು ವಿಂಡೋಸ್ 11ರ 24ಎಚ್2 ಆವೃತ್ತಿ ಬಿಡುಗಡೆಯಾಯಿತು. ಸದ್ದಿನ ಗುಣಮಟ್ಟ ಹೆಚ್ಚಿಸುವ ಡಿರಾಕ್ ಎಂಬ ತಂತ್ರಾಂಶವಿದ್ದ ಕೆಲವು ಯಂತ್ರಗಳಲ್ಲಿ ಈ ಆವೃತ್ತಿಯೊಂದಿಗೆ ಧ್ವನಿಯೇ ಇಲ್ಲವಾಯಿತು. ಒಳಗಿನ ಸ್ಪೀಕರ್, ಬ್ಲೂಟೂತ್ ಹೆಡ್‌ಸೆಟ್ ಎರಡೂ ನಿಷ್ಪ್ರಯೋಜಕವಾದವು. 2024ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಅಂತಹ ಯಂತ್ರಗಳಿಗೆ ಹೊಸ ಆವೃತ್ತಿ ತಲುಪದಂತೆ ತಡೆ ಹಾಕಿತು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಅಷ್ಟರಲ್ಲಾಗಲೇ ಅಪ್‌ಡೇಟ್ ಪಡೆದಿದ್ದವರಿಗೆ ಈ ತಡೆಯಿಂದ ಉಪಯೋಗವಿರಲಿಲ್ಲ. ಹೊಸ ಡ್ರೈವರ್ ಬಂದು ಸಮಸ್ಯೆ ಬಗೆಹರಿದುದನ್ನು ಕಂಪನಿ ಪ್ರಕಟಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. ನಡುವೆ ಕಳೆದದ್ದು ಸುಮಾರು ಒಂಬತ್ತು ತಿಂಗಳು.

ಅದೇ ಅವಧಿಯಲ್ಲಿ, 2025ರ ಜನವರಿ 14ರಂದು ಬಂದ ಭದ್ರತಾ ಅಪ್‌ಡೇಟ್ ಯುಎಸ್‌ಬಿ ಮೂಲಕ ಜೋಡಿಸುವ ಕೆಲವು ಧ್ವನಿ ಪರಿವರ್ತಕಗಳನ್ನು ಕೆಡಿಸಿತು. ಯುಎಸ್‌ಬಿ 1.0 ಧ್ವನಿ ಡ್ರೈವರ್ ಬಳಸುವ ಸಾಧನಗಳು 'ಕೋಡ್ 10' ಎಂಬ ದೋಷಸಂದೇಶ ತೋರಿಸಿ ನಿಂತವು. ವಿಂಡೋಸ್ 10 ಹಾಗೂ 11 ಎರಡರಲ್ಲಿಯೂ ತೊಂದರೆ ಕಂಡಿತು. ಪರಿವರ್ತಕವನ್ನು ಬಿಟ್ಟು ಸಾಧನವನ್ನು ನೇರವಾಗಿ ಗಣಕಯಂತ್ರಕ್ಕೆ ಜೋಡಿಸಿ ಎಂಬುದು ಆಗ ಸಿಕ್ಕ ಸಲಹೆ. ಆ ತಿಂಗಳ ಕೊನೆಯಲ್ಲಿ ಬಂದ ಪೂರ್ವವೀಕ್ಷಣೆಯ ಅಪ್‌ಡೇಟ್‌ನಲ್ಲಿ, ನಂತರ ಫೆಬ್ರುವರಿಯ ಮಾಸಿಕ ಅಪ್‌ಡೇಟ್‌ನಲ್ಲಿ ಪರಿಹಾರ ದೊರೆಯಿತು.

ಇದು ಒಂದೇ ಕಂಪನಿಯ ದೌರ್ಬಲ್ಯವೆಂದು ಭಾವಿಸಬೇಕಿಲ್ಲ. ಮುಕ್ತ ತಂತ್ರಾಂಶದ ಲಿನಕ್ಸ್ ಲೋಕದಲ್ಲಿ 2007ರ ನವೆಂಬರ್‌ನಲ್ಲಿ ಫೆಡೋರಾ 8, 2008ರ ಏಪ್ರಿಲ್‌ನಲ್ಲಿ ಉಬುಂಟು 8.04 ಪಲ್ಸ್‌ಆಡಿಯೋ ಎಂಬ ಹೊಸ ಧ್ವನಿ ಸೇವೆಯನ್ನು ಅಳವಡಿಸಿಕೊಂಡಾಗಲೂ ಎಷ್ಟೋ ಯಂತ್ರಗಳು ಮೌನ ತಳೆದಿದ್ದವು. ಅದರ ಸ್ಥಾನಕ್ಕೆ ಪೈಪ್‌ವೈರ್ ಬಂದದ್ದು ಫೆಡೋರಾದಲ್ಲಿ 2021ರಲ್ಲಿ, ಉಬುಂಟುವಿನಲ್ಲಿ 2022ರಲ್ಲಿ. ತಳಪಾಯ ಬದಲಿಸಿದಾಗ ಮನೆ ಅಲುಗುವುದು ಎಲ್ಲ ಕಡೆಯೂ ಇದ್ದದ್ದೇ. ವ್ಯತ್ಯಾಸವಿರುವುದು, ಯಾವಾಗ ಬದಲಿಸಬೇಕೆಂದು ತೀರ್ಮಾನಿಸುವವರು ಯಾರು ಎಂಬಲ್ಲಿ.

ಮೈಕ್ರೊಫೋನ್‌ಗೆ ನಾಲ್ಕು ಬಾಗಿಲು

ಸ್ಪೀಕರ್ ಮೂಕವಾಗುವುದಕ್ಕೂ ಮೈಕ್ರೊಫೋನ್ ಕಿವುಡಾಗುವುದಕ್ಕೂ ಕಾರಣ ಒಂದೇ ಆಗಿರಬೇಕಿಲ್ಲ. ಸ್ಪೀಕರ್ ಕೆಲಸ ಮಾಡುತ್ತಿದ್ದು ಮೈಕ್ ಮಾತ್ರ ಸುಮ್ಮನಿದ್ದರೆ ಹೆಚ್ಚಿನ ಸಂದರ್ಭಗಳಲ್ಲಿ ಅದು ಅನುಮತಿಯ ಪ್ರಶ್ನೆ. ಯಾವುದೋ ತಂತ್ರಾಂಶ ಗುಟ್ಟಾಗಿ ಮಾತು ಕದ್ದಾಲಿಸಬಾರದೆಂಬ ಕಾಳಜಿಯಿಂದ 2018ರಲ್ಲಿ ಎರಡೂ ಪ್ರಮುಖ ಆಪರೇಟಿಂಗ್ ಸಿಸ್ಟಂಗಳು ನಿಯಮ ಬಿಗಿಗೊಳಿಸಿದವು. ಆ ವರ್ಷದ ಏಪ್ರಿಲ್ ಆವೃತ್ತಿಯಿಂದ ವಿಂಡೋಸ್ 10ರ ಮೈಕ್ರೊಫೋನ್ ಗೋಪ್ಯತಾ ಸ್ವಿಚ್ ಸಾಂಪ್ರದಾಯಿಕ ತಂತ್ರಾಂಶಗಳಿಗೂ ಅನ್ವಯವಾಯಿತು. ಸೆಪ್ಟೆಂಬರ್ 24ರಂದು ಬಂದ ಆ್ಯಪಲ್‌ನ ಮ್ಯಾಕ್‌ಒಎಸ್ ಮೊಹಾವಿ, ಪ್ರತಿ ತಂತ್ರಾಂಶವೂ ಮೈಕ್ರೊಫೋನ್ ಬಳಸುವ ಮುನ್ನ ಒಪ್ಪಿಗೆ ಕೇಳಲೇಬೇಕೆಂದು ವಿಧಿಸಿತು.

ಕ್ರಮ ಸರಿಯಾದದ್ದೇ. ಆದರೆ ಇದರ ಫಲವಾಗಿ ಈಗ ಮಾತೊಂದು ಹೊರಹೋಗಲು ನಾಲ್ಕು ಬಾಗಿಲು ದಾಟಬೇಕು. ಕೀಲಿಮಣೆಯಲ್ಲಿರುವ ಮೈಕ್ ಬಂದ್ ಮಾಡುವ ಗುಂಡಿ ಮೊದಲನೆಯದು. ಆಪರೇಟಿಂಗ್ ಸಿಸ್ಟಂನ ಅನುಮತಿ ಎರಡನೆಯದು. ಬ್ರೌಸರ್ ಪ್ರತಿ ಜಾಲತಾಣಕ್ಕೂ ಪ್ರತ್ಯೇಕವಾಗಿ ಕೇಳುವ ಒಪ್ಪಿಗೆ ಮೂರನೆಯದು. ಸಭೆಯ ತಂತ್ರಾಂಶದೊಳಗಿನ ಆಯ್ಕೆ ನಾಲ್ಕನೆಯದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಯಂತ್ರಾಂಶ ಸರಿಯಿದ್ದು ಡ್ರೈವರ್ ಸರಿಯಿದ್ದರೂ ಒಂದು ಬಾಗಿಲು ಮುಚ್ಚಿದ್ದರೆ ಮಾತು ಅಲ್ಲೇ ನಿಲ್ಲುತ್ತದೆ. ದೊಡ್ಡ ಅಪ್‌ಡೇಟ್‌ಗಳ ನಂತರ ಈ ಸ್ವಿಚ್‌ಗಳು ಹಿಂದಿದ್ದ ಸ್ಥಿತಿಯಲ್ಲೇ ಇವೆಯೆಂದು ನಂಬುವಂತಿಲ್ಲ.

ಅಂಗಡಿಗೆ ಹೋಗುವ ಮುನ್ನ

ತೊಂದರೆ ಎಲ್ಲಿದೆ ಎಂಬುದನ್ನು ಕ್ರಮವಾಗಿ ಶೋಧಿಸಿದರೆ ಬಹಳಷ್ಟು ಪ್ರಕರಣಗಳು ಮನೆಯಲ್ಲೇ ಬಗೆಹರಿಯುತ್ತವೆ. ವಿಂಡೋಸ್ 11ನ್ನು ಉದಾಹರಣೆಯಾಗಿಟ್ಟುಕೊಂಡರೆ ಆ ಕ್ರಮ ಹೀಗಿದೆ.

ಮೊದಲು 'ರೀಸ್ಟಾರ್ಟ್' ಮಾಡಬೇಕು. 'ಶಟ್ ಡೌನ್' ಮಾಡಿ ಮತ್ತೆ ಚಾಲೂ ಮಾಡುವುದು ಇದಕ್ಕೆ ಸಮನಲ್ಲ. 'ಫಾಸ್ಟ್ ಸ್ಟಾರ್ಟಪ್' ಎಂಬ ವ್ಯವಸ್ಥೆಯಿರುವ ಯಂತ್ರ ಶಟ್ ಡೌನ್ ಆದಾಗ ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಕೊಂಡು ಮತ್ತೆ ಅದನ್ನೇ ಎಬ್ಬಿಸುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಡ್ರೈವರ್‌ಗಳು ಹೊಸದಾಗಿ ಆರಂಭವಾಗುತ್ತವೆ.

ಎರಡನೆಯದಾಗಿ, ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅಲ್ಲಿಂದ ಸೌಂಡ್ ವಿಭಾಗಕ್ಕೆ ಹೋಗಿ ಸದ್ದು ಯಾವ ಸಾಧನದತ್ತ ಹರಿಯುತ್ತಿದೆ ಎಂದು ನೋಡಬೇಕು. ಅಪ್‌ಡೇಟ್ ನಂತರ ಯಂತ್ರವು ಸ್ಪೀಕರ್ ಇಲ್ಲದ ಮಾನಿಟರನ್ನೇ ಧ್ವನಿಸಾಧನವೆಂದು ಆರಿಸಿಕೊಂಡಿರಬಹುದು. ಮೈಕ್ರೊಫೋನ್‌ಗೂ ಇದೇ ಮಾತು ಅನ್ವಯ. ಅದೇ ಪುಟದಲ್ಲಿರುವ ಪರೀಕ್ಷೆಯ ಗುಂಡಿ ಒತ್ತಿ ಮಾತನಾಡಿದಾಗ ನೀಲಿ ಪಟ್ಟಿ ಅಲುಗಾಡಿದರೆ ಯಂತ್ರದೊಳಗೆ ಎಲ್ಲವೂ ಸರಿಯಿದೆಯೆಂದೂ ತೊಂದರೆ ಬ್ರೌಸರ್ ಅಥವಾ ಸಭೆಯ ತಂತ್ರಾಂಶದಲ್ಲಿದೆಯೆಂದೂ ತಿಳಿಯಬೇಕು. ಈ ಒಂದು ಪರೀಕ್ಷೆ ಅರ್ಧ ಸಮಯ ಉಳಿಸುತ್ತದೆ.

ಮೂರನೆಯದಾಗಿ, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ ವಿಭಾಗದ ಮೈಕ್ರೊಫೋನ್ ಪುಟದಲ್ಲಿರುವ ಸ್ವಿಚ್‌ಗಳನ್ನು ಗಮನಿಸಬೇಕು. ಇಡೀ ಯಂತ್ರಕ್ಕೆ ಒಂದು, ಆ್ಯಪ್‌ಗಳಿಗೆ ಒಂದು, ಸಾಂಪ್ರದಾಯಿಕ ಡೆಸ್ಕ್‌ಟಾಪ್ ತಂತ್ರಾಂಶಗಳಿಗೆ ಮತ್ತೊಂದು ಎಂದು ಮೂರು ಸ್ವಿಚ್‌ಗಳಿವೆ. ಸಾಮಾನ್ಯವಾಗಿ ಜನ ಮರೆಯುವುದು ಕೊನೆಯದನ್ನು.

ನಾಲ್ಕನೆಯದು ಡ್ರೈವರ್. ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆದು, ಧ್ವನಿಸಾಧನದ ಪ್ರಾಪರ್ಟೀಸ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಆಯ್ಕೆ ಮಾಡಿದರೆ ಹಿಂದಿನ ಡ್ರೈವರ್ ಮರಳುತ್ತದೆ. ಆ ಗುಂಡಿ ಮಂಕಾಗಿದ್ದರೆ ಹಳೆಯ ಡ್ರೈವರ್ ಯಂತ್ರದಲ್ಲಿ ಉಳಿದಿಲ್ಲ ಎಂದರ್ಥ. ಆಗ 'ಅಪ್‌ಡೇಟ್ ಡ್ರೈವರ್' ಮೂಲಕ ಯಂತ್ರದಲ್ಲೇ ಇರುವ ಪಟ್ಟಿಯಿಂದ 'ಹೈ ಡೆಫಿನಿಷನ್ ಆಡಿಯೋ ಡಿವೈಸ್' ಎಂಬ ಸಾಮಾನ್ಯ ಡ್ರೈವರನ್ನು ಆರಿಸಿ ನೋಡಬಹುದು. ವಿಶೇಷ ಸೌಲಭ್ಯಗಳು ಹೋದಾವು, ಆದರೆ ಸದ್ದು ಬರುವ ಸಾಧ್ಯತೆ ಹೆಚ್ಚು. ಹೊಸ ಡ್ರೈವರ್ ಬೇಕಿದ್ದರೆ ಲ್ಯಾಪ್‌ಟಾಪ್ ತಯಾರಕರ ಅಧಿಕೃತ ತಾಣದಿಂದ, ಅದೇ ಮಾದರಿಗೆ ಮೀಸಲಾದುದನ್ನೇ ಪಡೆಯಬೇಕು.

ಐದನೆಯದು, ಹಿಂದಕ್ಕೆ ಹೋಗುವ ದಾರಿ. ವಿಂಡೋಸ್ ಅಪ್‌ಡೇಟ್‌ನ ಇತಿಹಾಸದ ಪುಟದಲ್ಲಿ ಯಾವ ದಿನ ಏನು ಬಂತೆಂಬ ಪಟ್ಟಿ ಇರುತ್ತದೆ. ತೊಂದರೆ ಆರಂಭವಾದ ದಿನದ ಅಪ್‌ಡೇಟನ್ನು ಅಲ್ಲಿಂದಲೇ ತೆಗೆಯಲು ಸಾಧ್ಯವಾಗಬಹುದು. ವಿಂಡೋಸ್ 10ರಿಂದ 11ಕ್ಕೆ ಏರಿದಂತಹ ದೊಡ್ಡ ಬದಲಾವಣೆಯಾದರೆ ರಿಕವರಿ ಪುಟದ 'ಗೋ ಬ್ಯಾಕ್' ಸೌಲಭ್ಯಕ್ಕೆ ಸಾಮಾನ್ಯವಾಗಿ 10 ದಿನಗಳ ಗಡುವು. ಹನ್ನೊಂದನೆಯ ದಿನ ಎಚ್ಚೆತ್ತುಕೊಂಡರೆ ಬಾಗಿಲು ಮುಚ್ಚಿರುತ್ತದೆ.

ಅಪ್‌ಡೇಟ್‌ನ ತಪ್ಪಲ್ಲದ ಕೆಲವು ಸಂಗತಿಗಳೂ ಇವೆ. ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ಬಳಸತೊಡಗಿದ ಕೂಡಲೇ ಹಾಡಿನ ಗುಣಮಟ್ಟ ಹಳೆಯ ದೂರವಾಣಿಯಂತೆ ಕುಸಿಯುವುದುಂಟು. ಸಂಗೀತಕ್ಕೊಂದು, ಸಂಭಾಷಣೆಗೊಂದು ಎಂದು ಬ್ಲೂಟೂತ್‌ನಲ್ಲಿ ಎರಡು ಪ್ರತ್ಯೇಕ ವಿಧಾನಗಳಿರುವುದೇ ಇದಕ್ಕೆ ಕಾರಣ. ಕರೆ ಬಂದಾಗ ಉಳಿದೆಲ್ಲ ಸದ್ದು ತಗ್ಗುವುದು ವಿಂಡೋಸ್‌ನ ಹಳೆಯ ನಿಯಮ. ಅದು ಉಳಿದ ಸದ್ದನ್ನು ಶೇ. 80ರಷ್ಟು ಇಳಿಸುವಂತೆ ಮೊದಲೇ ಹೊಂದಿಸಿರುತ್ತದೆ. ಸೌಂಡ್ ಕಂಟ್ರೋಲ್ ಪ್ಯಾನೆಲ್‌ನ 'ಕಮ್ಯುನಿಕೇಷನ್ಸ್' ಪುಟದಲ್ಲಿ ಇದನ್ನು ಬದಲಿಸಬಹುದು.

ಒಂದು ಎಚ್ಚರಿಕೆ ಅತ್ಯಗತ್ಯ. ಧ್ವನಿ ಹೋದ ಗಾಬರಿಯಲ್ಲಿ ಅಂತರ್ಜಾಲದಲ್ಲಿ ಹುಡುಕುವವರಿಗಾಗಿಯೇ 'ಒಂದೇ ಕ್ಲಿಕ್‌ನಲ್ಲಿ ಎಲ್ಲ ಡ್ರೈವರ್ ಸರಿಪಡಿಸುವ' ತಂತ್ರಾಂಶಗಳೂ, ಸಹಾಯವಾಣಿಯ ಸೋಗಿನ ದೂರವಾಣಿ ಸಂಖ್ಯೆಗಳೂ ಕಾದು ಕುಳಿತಿರುತ್ತವೆ. ಯಂತ್ರದ ದೂರನಿಯಂತ್ರಣವನ್ನು ಅಪರಿಚಿತರಿಗೆ ಕೊಟ್ಟವರು ಸದ್ದಿನ ಜೊತೆಗೆ ಬ್ಯಾಂಕಿನ ಹಣವನ್ನೂ ಕಳೆದುಕೊಳ್ಳಬಹುದು. ಹಾಗೇನಾದರೂ ಆದರೆ ತಡಮಾಡದೆ 1930 ಸಂಖ್ಯೆಯ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ದೂರು ನೀಡಬೇಕು.

ಸದ್ದೇ ಕಣ್ಣಾದವರಿಗೆ

ಮೇಲಿನ ಎಲ್ಲ ಸಲಹೆಗಳ ಹಿಂದೆ ಒಂದು ಊಹೆ ಅಡಗಿದೆ: ಬಳಕೆದಾರನಿಗೆ ಪರದೆ ಕಾಣುತ್ತದೆ ಎಂಬುದು. ದೃಷ್ಟಿಹೀನರ ಮಟ್ಟಿಗೆ ಈ ಊಹೆ ಸುಳ್ಳಾಗುತ್ತದೆ. ಅವರು ಗಣಕಯಂತ್ರ ಬಳಸುವುದು ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಗಳ ನೆರವಿನಿಂದ. ಇಂತಹವುಗಳಲ್ಲಿ ಪ್ರಮುಖವಾದ, ಉಚಿತವಾಗಿ ದೊರೆಯುವ ಎನ್‌ವಿಡಿಎ ತಂತ್ರಾಂಶವನ್ನು 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭಿಸಿದವರು ಸ್ವತಃ ದೃಷ್ಟಿಹೀನರು. ಅದರೊಂದಿಗೆ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದಬಲ್ಲದು. ಬ್ಯಾಂಕ್, ಶಾಲೆ, ಸರ್ಕಾರಿ ಕಚೇರಿಗಳಲ್ಲಿ ಇಂತಹ ತಂತ್ರಾಂಶದ ಬಲದಿಂದಲೇ ದುಡಿಯುತ್ತಿರುವವರಿದ್ದಾರೆ.

ಅಂತಹವರ ಯಂತ್ರದಲ್ಲಿ ಅಪ್‌ಡೇಟ್ ನಂತರ ಧ್ವನಿ ಹೋದರೆ ಅದು ಉಳಿದವರಿಗೆ ಪರದೆಯೇ ಕಪ್ಪಾದಂತೆ. ದೋಷಸಂದೇಶ ಬಂದರೂ ಅದನ್ನು ಓದಿ ಹೇಳುವ ಸದ್ದೇ ಇಲ್ಲ. ವಿಂಡೋಸ್‌ನಲ್ಲೇ ಇರುವ ನರೇಟರ್ ಎಂಬ ಓದುಗ ತಂತ್ರಾಂಶವೂ ಅದೇ ಕೆಟ್ಟ ದಾರಿಯಲ್ಲೇ ಸಾಗಬೇಕಾದ್ದರಿಂದ ಅದೂ ನೆರವಿಗೆ ಬಾರದು. ಬ್ರೈಲ್ ಲಿಪಿಯನ್ನು ಮೂಡಿಸುವ ಸಾಧನಗಳು ದುಬಾರಿ. ಕಣ್ಣಿರುವವರೊಬ್ಬರು ಬರುವವರೆಗೆ ಕಾಯುವುದೊಂದೇ ಮಾರ್ಗ. ಸ್ವಾವಲಂಬನೆಗಾಗಿ ಕೊಂಡ ಯಂತ್ರ, ಒಂದು ರಾತ್ರಿಯಲ್ಲಿ ಪರಾವಲಂಬನೆಗೆ ದೂಡುತ್ತದೆ.

ಇಂತಹ ಹೊತ್ತಿಗೆ ಅಗ್ಗದ ಮುನ್ನೆಚ್ಚರಿಕೆಯೊಂದಿದೆ. ಸಾಮಾನ್ಯ ಯುಎಸ್‌ಬಿ ಹೆಡ್‌ಸೆಟ್‌ನೊಳಗೆ ಅದರದೇ ಧ್ವನಿ ಚಿಪ್ ಇರುತ್ತದೆ. ಅದು ಲ್ಯಾಪ್‌ಟಾಪ್‌ನ ಒಳಗಿನ ಧ್ವನಿ ಡ್ರೈವರನ್ನು ಅವಲಂಬಿಸದೆ ಆಪರೇಟಿಂಗ್ ಸಿಸ್ಟಂನ ಸಾಮಾನ್ಯ ಯುಎಸ್‌ಬಿ ಡ್ರೈವರ್‌ನಿಂದ ನಡೆಯುತ್ತದೆ. ಒಳಗಿನ ದಾರಿ ಮುಚ್ಚಿದಾಗ ಇದು ಬದಲಿ ದಾರಿಯಾಗಬಲ್ಲದು. 2025ರ ಜನವರಿಯಲ್ಲಿ ಕೆಟ್ಟದ್ದು ಯುಎಸ್‌ಬಿ ದಾರಿ. ಆಗ ಯಂತ್ರದ ಒಳಗಿನ ದಾರಿ ತೆರೆದೇ ಇತ್ತು. ಎರಡೂ ಒಟ್ಟಿಗೆ ಕೆಡುವ ಸಾಧ್ಯತೆ ಕಡಿಮೆ. ಧ್ವನಿಯನ್ನೇ ನೆಚ್ಚಿ ಕೆಲಸ ಮಾಡುವ ಎಲ್ಲರೂ, ವಕೀಲರಿಂದ ಹಿಡಿದು ಆನ್‌ಲೈನ್ ಪಾಠ ಮಾಡುವ ಶಿಕ್ಷಕರವರೆಗೆ, ಎರಡು ದಾರಿ ಇಟ್ಟುಕೊಳ್ಳುವುದು ವಿವೇಕ.

ಆದರೆ ಹಕ್ಕಿನ ಪ್ರಶ್ನೆ ಹೆಡ್‌ಸೆಟ್‌ನಿಂದ ಮುಗಿಯುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮಾಹಿತಿ ಹಾಗೂ ಸಂವಹನ ತಂತ್ರಜ್ಞಾನ ಎಲ್ಲರಿಗೂ ಸುಲಭವಾಗಿ ದಕ್ಕಬೇಕೆನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳ ಲಭ್ಯತೆಯು ಸಂವಿಧಾನದ 21ನೇ ವಿಧಿಯಡಿಯ ಜೀವಿಸುವ ಹಕ್ಕಿನ ಅವಿಭಾಜ್ಯ ಅಂಗವೆಂದು ಸ್ಪಷ್ಟವಾಗಿ ಹೇಳಿದೆ. ಆ ಪ್ರಕರಣ ಬ್ಯಾಂಕ್ ಮುಂತಾದೆಡೆ ಗುರುತು ದೃಢೀಕರಿಸುವ ಪ್ರಕ್ರಿಯೆಗೆ ಸಂಬಂಧಿಸಿದ್ದು. ಆದರೂ ಅದರ ಹಿಂದಿನ ತತ್ತ್ವ ಇಲ್ಲಿಗೂ ಸಲ್ಲುತ್ತದೆ. ಸೇವೆ ದೊರೆಯುವ ದಾರಿಯನ್ನು ಒಮ್ಮೆ ತೆರೆದರೆ ಸಾಲದು, ಅದು ಮುಚ್ಚದಂತೆಯೂ ನೋಡಿಕೊಳ್ಳಬೇಕು.

ಅಪ್‌ಡೇಟ್ ನಿಲ್ಲಿಸುವುದು ಪರಿಹಾರವೇ?

ಹಾಗಾದರೆ ಅಪ್‌ಡೇಟ್‌ಗಳನ್ನೇ ನಿಲ್ಲಿಸಿಬಿಟ್ಟರೆ ಹೇಗೆ? ನೊಂದವರು ಹಿಡಿಯುವ ದಾರಿಯೇನೋ ಇದೇ. ಆದರೆ ಇದು ಮೂಗು ಸೋರುತ್ತದೆಂದು ಮೂಗನ್ನೇ ಕೊಯ್ದುಕೊಂಡಂತೆ. 2017ರ ಮೇ 12ರಂದು ಜಗತ್ತನ್ನು ನಡುಗಿಸಿದ ವಾನ್ನಕ್ರೈ ದಾಳಿ ನುಗ್ಗಿದ್ದು ವಿಂಡೋಸ್‌ನ ಒಂದು ಬಿರುಕಿನ ಮೂಲಕ. ಬೆಂಬಲದಲ್ಲಿದ್ದ ಆವೃತ್ತಿಗಳಿಗೆ ಆ ಬಿರುಕು ಮುಚ್ಚುವ ಅಪ್‌ಡೇಟ್ ಅದೇ ವರ್ಷದ ಮಾರ್ಚ್ 14ರಂದೇ ಬಿಡುಗಡೆಯಾಗಿತ್ತು. ಎರಡು ತಿಂಗಳು ಕಾಲಾವಕಾಶವಿದ್ದರೂ ಅದನ್ನು ಅಳವಡಿಸದ ಸಂಸ್ಥೆಗಳು ಬೆಲೆ ತೆತ್ತವು; ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ಮುಂದೂಡಲ್ಪಟ್ಟವು. ಸದ್ದಿಲ್ಲದ ಯಂತ್ರಕ್ಕಿಂತ ಕನ್ನ ಬಿದ್ದ ಯಂತ್ರ ಅಪಾಯಕಾರಿ.

ನಿಜವಾದ ತೊಡಕಿರುವುದು ಭದ್ರತೆಯ ದುರಸ್ತಿ, ಹೊಸ ಸೌಲಭ್ಯ ಹಾಗೂ ಡ್ರೈವರ್ ಬದಲಾವಣೆಗಳು ಒಂದೇ ಕೊಳವೆಯಲ್ಲಿ ಹರಿದು ಬರುವುದರಲ್ಲಿ. ಬೀಗ ಭದ್ರಪಡಿಸಲು ಬಂದವನು ಮನೆಯ ಗೋಡೆಯನ್ನೂ ಬದಲಿಸಿ ಹೋದರೆ ಒಪ್ಪಲಾದೀತೇ? ಐರೋಪ್ಯ ಒಕ್ಕೂಟ ಈ ಅಂಶವನ್ನು ಗುರುತಿಸಿದೆ. 2024ರ ಡಿಸೆಂಬರ್ 10ರಂದು ಅಸ್ತಿತ್ವಕ್ಕೆ ಬಂದ ಅಲ್ಲಿನ ಸೈಬರ್ ರೆಸಿಲಿಯನ್ಸ್ ಕಾಯ್ದೆಯು, ತಾಂತ್ರಿಕವಾಗಿ ಸಾಧ್ಯವಿರುವೆಡೆ ಭದ್ರತಾ ಅಪ್‌ಡೇಟ್‌ಗಳನ್ನು ಸೌಲಭ್ಯದ ಅಪ್‌ಡೇಟ್‌ಗಳಿಂದ ಬೇರ್ಪಡಿಸಿ ನೀಡಬೇಕೆಂದೂ, ತಾನಾಗಿ ಬರುವ ಅಪ್‌ಡೇಟ್‌ಗಳನ್ನು ತಾತ್ಕಾಲಿಕವಾಗಿ ಮುಂದೂಡುವ ಅವಕಾಶ ಬಳಕೆದಾರರಿಗಿರಬೇಕೆಂದೂ ಹೇಳುತ್ತದೆ. ಅದರ ಮುಖ್ಯ ಕಟ್ಟುಪಾಡುಗಳಿಗೆ 2027ರ ಡಿಸೆಂಬರ್ 11ರ ದಿನಾಂಕ ಗೊತ್ತುಪಡಿಸಲಾಗಿದೆ. ಭಾರತದಂತಹ ದೊಡ್ಡ ಮಾರುಕಟ್ಟೆ ಇಂತಹ ನಿಯಮ ಕೇಳುವುದರಲ್ಲಿ ಅತಿಯಾಸೆಯೇನಿಲ್ಲ.

ಕಾನೂನು ಬರುವವರೆಗೆ ಸಂಸ್ಥೆಗಳು ತಾವೇ ಮಾಡಬಹುದಾದ್ದೂ ಇದೆ. ನೂರು ಗಣಕಯಂತ್ರಗಳಿರುವ ಕಾಲೇಜು ಅಥವಾ ಕಚೇರಿ, ಹೊಸ ಅಪ್‌ಡೇಟನ್ನು ಮೊದಲು ಎರಡು ಮೂರು ಯಂತ್ರಗಳಲ್ಲಿ ಅಳವಡಿಸಿ, ಸ್ಪೀಕರ್, ಮೈಕ್ರೊಫೋನ್, ಮುದ್ರಣಯಂತ್ರಗಳನ್ನು ಪರೀಕ್ಷಿಸಿ, ಆಮೇಲೆ ಉಳಿದವಕ್ಕೆ ವಿಸ್ತರಿಸಬಹುದು. ಪರೀಕ್ಷೆ, ಸಂದರ್ಶನ, ವಿಚಾರಣೆಗಳಿರುವ ವಾರದಲ್ಲಿ ಅಪ್‌ಡೇಟ್ ಮುಂದೂಡಬಹುದು. 2019ರ ಮೇ ಆವೃತ್ತಿಯಿಂದ ವಿಂಡೋಸ್‌ನ ಹೋಮ್ ಬಳಕೆದಾರರಿಗೂ ಈ ಅವಕಾಶ ದೊರೆತಿದೆ. ಓದುಗ ತಂತ್ರಾಂಶ ಬಳಸುವ ಸಿಬ್ಬಂದಿಯ ಯಂತ್ರಗಳು ಸರದಿಯಲ್ಲಿ ಕೊನೆಯವಾಗಿರಲಿ. ಅಪ್‌ಡೇಟ್ ಆಗುವ ದಿನ ನೆರವಿಗೆ ಒಬ್ಬರು ಪಕ್ಕದಲ್ಲಿರಲಿ. ಇದಕ್ಕೆ ಹಣ ಬೇಕಿಲ್ಲ, ಒಂದಿಷ್ಟು ಯೋಜನೆ ಸಾಕು.

ಕಂಪನಿಗಳಿಂದ ನಿರೀಕ್ಷಿಸಬೇಕಾದದ್ದು ಇದಕ್ಕಿಂತ ದೊಡ್ಡದಲ್ಲ. ಧ್ವನಿಯ ಡ್ರೈವರ್ ಬದಲಿಸುವ ಮುನ್ನ ಹಳೆಯದನ್ನು ಕಾಯ್ದಿಡುವುದು. ಅಪ್‌ಡೇಟ್ ಮುಗಿದ ಮೇಲೆ ಸ್ಪೀಕರ್ ಮತ್ತು ಮೈಕ್ರೊಫೋನ್ ಕೆಲಸ ಮಾಡುತ್ತಿವೆಯೇ ಎಂದು ಯಂತ್ರವೇ ಪರೀಕ್ಷಿಸಿಕೊಂಡು, ಇಲ್ಲದಿದ್ದರೆ ತಾನಾಗಿ ಹಿಂದಿನ ಸ್ಥಿತಿಗೆ ಮರಳುವುದು. ಏನು ಬದಲಾಯಿತೆಂಬುದನ್ನು ಬಳಕೆದಾರನ ಭಾಷೆಯಲ್ಲಿ, ಅಂದರೆ ಇಲ್ಲಿನವರಿಗೆ ಕನ್ನಡದಲ್ಲಿ, ನಾಲ್ಕು ಸಾಲಿನಲ್ಲಿ ತಿಳಿಸುವುದು. ಕೋಟ್ಯಂತರ ಯಂತ್ರಗಳನ್ನು ಒಂದೇ ರಾತ್ರಿಯಲ್ಲಿ ಬದಲಿಸಬಲ್ಲ ಸಾಮರ್ಥ್ಯವಿರುವವರಿಗೆ ಇವ್ಯಾವುವೂ ಅಸಾಧ್ಯದ ಕೆಲಸಗಳಲ್ಲ.

ಯಂತ್ರ ಕೊಂಡವನಿಗೆ ಅದರ ಮೇಲೆ ಏನು ಅಧಿಕಾರವಿದೆ ಎಂಬ ಪ್ರಶ್ನೆ ಬರಬರುತ್ತಾ ತೀವ್ರವಾಗುತ್ತಿದೆ. ಅಪ್‌ಡೇಟ್ ಬೇಡವೆನ್ನುವ ಅಧಿಕಾರವನ್ನು ಬಳಕೆದಾರ ಭದ್ರತೆಯ ಹಿತದೃಷ್ಟಿಯಿಂದ ಬಹುಮಟ್ಟಿಗೆ ಬಿಟ್ಟುಕೊಟ್ಟಿದ್ದಾನೆ. ಅದಕ್ಕೆ ಪ್ರತಿಯಾಗಿ, ಕೆಟ್ಟದ್ದನ್ನು ಕೂಡಲೇ ಹಿಂತಿರುಗಿಸುವ ಹಕ್ಕನ್ನಾದರೂ ಅವನಿಗೆ ಕೊಡುವುದು ನ್ಯಾಯ. ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಸರಿಪಡಿಸುವ ಹೊಣೆಯೂ ಅವರ ಹೆಗಲ ಮೇಲಿರಬೇಕು.